ಮೇಷ್ಟ್ರ ಎಡಗಾಲಿನ ಬೆರಳಿನ ವಿಷಯವಾಗಿ

ಪಕ್ಷಿಪಂಜರ ತಯಾರಿಸುವ ಕಂಪನಿಯ ಸುರಕ್ಷತಾ ವಿಭಾಗದ ಮುಖ್ಯಸ್ಥರ ಸಮಕ್ಷಮಕ್ಕೆ, ಮೂರನೇ ಮಹಡಿಯ ಗ್ರಾಹಕಿಯೊಬ್ಬಳ ಬಹಿರಂಗ ಪತ್ರ.

ಮಾನ್ಯರೇ,

ಎರಡು ಗಂಟೆ ನಲವತ್ತು ನಿಮಿಷಕ್ಕೆ ಹಜಾರದ ಕಡೆಯಿಂದ ಪಟಪಟನೆ ರೆಕ್ಕೆ ಬಡಿದ ಸದ್ದು ಕೇಳಿ ಎದ್ದೆ ಎಂದು ಬರೆದರೆ ಅದು ಪೂರ್ತಿ ನಿಜವಾಗದು, ಏಕೆಂದರೆ ಏಳಬೇಕಾದರೆ ಮೊದಲು ಮಲಗಿರಬೇಕು, ಐದು ತಿಂಗಳ ಮಗಳ ತಾಯಿಯಾದ ನಾನು ಆ ವಿದ್ಯೆಯನ್ನು ಮರೆತು ಬಹಳ ದಿನಗಳಾದವು. ತಾವು ಮಾತ್ರ ಈ ಹೊತ್ತಿನಲ್ಲಿ ಸುಖನಿದ್ರೆಯಲ್ಲಿದ್ದೀರೆಂದು ನಂಬಿ, ಆ ನಿದ್ರೆಗೆ ಮೊದಲು ನನ್ನ ಗೌರವಪೂರ್ವಕ ನಮಸ್ಕಾರಗಳನ್ನೂ ಅದರ ಹಿಂದೆಯೇ ಒಂದಿಷ್ಟು ಹೊಟ್ಟೆಕಿಚ್ಚನ್ನೂ ಅರ್ಪಿಸಿ, ತಮ್ಮ ಪಂಜರದೊಳಗೆ ನಡೆದ ಅನಾಹುತವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಇದು ನನ್ನ ಏಳನೇ ಪತ್ರ. ಹಿಂದಿನ ಆರನ್ನೂ ತಾವು ಜೋಪಾನವಾಗಿ ಎತ್ತಿಟ್ಟಿರುವುದಾಗಿ ತಮ್ಮ ಕಚೇರಿಯಿಂದ ಆರು ಸಲವೂ ಅಕ್ಷರ ಬದಲಾಗದ ಉತ್ತರ ಬಂದಿದೆಯಾದ್ದರಿಂದ, ಪೀಠಿಕೆಯನ್ನು ಚಿಕ್ಕದಾಗಿ ಮುಗಿಸುತ್ತೇನೆ.

ಅನಾಹುತಕ್ಕೆ ಒಳಗಾದವರು ಮೇಷ್ಟ್ರು. ಮೇಷ್ಟ್ರು ಎಂದರೆ ಅಂಗೈ ತುಂಬದ, ಅಂಗಡಿಯವರು ಲವ್ ಬರ್ಡ್ ಎಂದು ಮಾರುವ ಹಸಿರು ಹಕ್ಕಿ. ಪರೀಕ್ಷಾ ಕೋಣೆಯಲ್ಲಿ ಕಾವಲಿಗೆ ನಿಂತವರ ಹಾಗೆ ಅಡ್ಡಕೋಲಿನ ಮೇಲೆ ಆ ತುದಿಯಿಂದ ಈ ತುದಿಗೆ ಕತ್ತು ಓರೆ ಮಾಡಿಕೊಂಡು ಓಡಾಡುವುದರಿಂದ ಅತ್ತೆಯವರು ಇಟ್ಟ ಹೆಸರು. ಹಕ್ಕಿ ನನ್ನದಲ್ಲ, ಅತ್ತೆಯವರದು. ಮಾವ ತೀರಿಕೊಂಡ ವರ್ಷ ತಂದು, ಆರು ವರ್ಷ ಸಾಕಿ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮಗಳ ಊರಿಗೆ ಹೊರಟಾಗ ಮೂರು ವಾರದ ಮಟ್ಟಿಗೆ ನನ್ನ ಕೈಗೆ ಒಪ್ಪಿಸಿ ಹೋದ ಹಕ್ಕಿ. ಸದ್ಯ ಮೇಷ್ಟ್ರು ನನ್ನ ಮಗಳ ಟವಲಿನಲ್ಲಿ ಸುತ್ತಿಕೊಂಡು ನನ್ನ ಮಡಿಲಲ್ಲಿದ್ದಾರೆ. ಅವರ ಎಡಗಾಲಿನ ಹೊರಬೆರಳು ಊದಿಕೊಂಡು ಶಾಯಿಯ ಬಣ್ಣಕ್ಕೆ ತಿರುಗಿದೆ. ಅತ್ತೆಯವರ ಬಸ್ಸು ಬೆಳಿಗ್ಗೆ ಏಳಕ್ಕೆ ಬರುತ್ತದೆ. ಹೋಗುವಾಗ ಅವರಿಗೆ ಎದುರಿನ ಗಡಿಯಾರವೂ ಮಸುಕಾಗಿ ಕಾಣುತ್ತಿತ್ತು. ಈಗ ಶಸ್ತ್ರಚಿಕಿತ್ಸೆ ಬಹಳ ಚೆನ್ನಾಗಿ ಆಗಿ, ಎದುರು ಮನೆಯ ತಂತಿಯ ಮೇಲೆ ಒಣಗಿದ ಅಂಗಿಗೆ ಎಷ್ಟು ಗುಂಡಿ ಎಂದು ಎಣಿಸುತ್ತಾರೆಂದು ನಾದಿನಿ ಸಂತೋಷದಿಂದ ತಿಳಿಸಿದ್ದಾಳೆ. ನಾನೂ ಸಂತೋಷಪಟ್ಟೆ. ವೈದ್ಯಶಾಸ್ತ್ರ ಇಷ್ಟು ಮುಂದುವರಿಯಲು ಇನ್ನೊಂದು ವಾರ ತೆಗೆದುಕೊಂಡಿದ್ದರೆ ಇನ್ನೂ ಹೆಚ್ಚು ಪಡುತ್ತಿದ್ದೆ.

ಅನಾಹುತಕ್ಕೆ ಕಾರಣ ಏನೆಂದು ತಾವು ಕೇಳುತ್ತೀರಿ. ನಾನು ರಸಾಯನಶಾಸ್ತ್ರದಲ್ಲಿ ಪದವಿ ಪಡೆದವಳು. ಉದ್ದೇಶ, ಉಪಕರಣ, ವಿಧಾನ, ವೀಕ್ಷಣೆ, ಇವೆಲ್ಲ ಆದಮೇಲೆಯೇ ನಿರ್ಣಯ ಬರೆಯಬೇಕೆಂದು ಪ್ರಯೋಗಾಲಯದಲ್ಲಿ ನಮಗೆ ಕಲಿಸಿದ್ದರು. ಆದ್ದರಿಂದ ಕಾರಣವು ತನ್ನ ಸರದಿ ಬಂದಾಗ ಬರುತ್ತದೆ, ಅದಕ್ಕೆ ನನಗೇನೂ ಆತುರವಿಲ್ಲ.

ಅತ್ತೆಯವರು ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದ ಮಾತು ಇಷ್ಟೇ: “ಕಾಳು ಹಾಕು, ನೀರು ಬದಲಾಯಿಸು, ರಾತ್ರಿ ಒಂದು ಬಟ್ಟೆ ಹೊದಿಸು. ಇನ್ನೇನೂ ಮಾಡಕ್ಕೆ ಹೋಗ್ಬೇಡಮ್ಮ. ಅವರಿಗೆ ಸುಮ್ನೆ ಬಿಟ್ರೇನೇ ಸುಖ.” ಓದಿದ ಹುಡುಗಿಗೆ ಇಷ್ಟು ಸಣ್ಣ ಪಠ್ಯಕ್ರಮ ಸಾಕಾಗುತ್ತದೆಯೇ? ಅವರ ಬಸ್ಸು ಹೊರಟ ಮಾರನೆಯ ದಿನವೇ ನಾನು ಮಗಳಿಗೆ ಹಾಲೂಡಿಸುತ್ತ ಫೋನಿನಲ್ಲಿ ಸಾಕುಹಕ್ಕಿಗಳ ಪಂಜರದ ಅಪಾಯಗಳ ಬಗ್ಗೆ ಓದಲು ಶುರುಮಾಡಿದೆ. ಸರಳುಗಳ ಸಂದು ಹೆಚ್ಚಾದರೆ ತಲೆ ಸಿಕ್ಕಿಕೊಳ್ಳುತ್ತದೆ, ತುಕ್ಕು ನೆಕ್ಕಿದರೆ ಹೊಟ್ಟೆ ಕೆಡುತ್ತದೆ, ಸತುವಿನ ಲೇಪ ಕಚ್ಚಿದರೆ ವಿಷವೇರುತ್ತದೆ, ಮೇಲಿಂದ ಜಾರುವ ಬಾಗಿಲು ಕತ್ತಿನ ಮೇಲೆ ಬೀಳುತ್ತದೆ. ಅಂದು ಸಂಜೆ ಹಳೆಯ ಪಂಜರವನ್ನು ನೋಡಿದಾಗ ಅದರಲ್ಲಿ ಅಪಾಯವಲ್ಲದ ಒಂದು ಅಂಗುಲ ಜಾಗವೂ ನನಗೆ ಕಾಣಲಿಲ್ಲ. ಸೊಟ್ಟ ತಂತಿ, ಬಣ್ಣ ಹೋದ ತಳ, ಅಗುಳಿ ಮುರಿದದ್ದಕ್ಕೆ ಬೂಟಿನ ಲೇಸು ಕಟ್ಟಿದ ಬಾಗಿಲು. ಇಂಥ ಯಮಲೋಕದಲ್ಲಿ ಮೇಷ್ಟ್ರು ಆರು ವರ್ಷ ಒಂದು ಗರಿಯೂ ಕೊಂಕದೆ ಬದುಕಿದ್ದು ಅವರ ಅಜ್ಞಾನದಿಂದಲೇ ಇರಬೇಕು. ಅದನ್ನು ಗುಜರಿಯವನಿಗೆ ಕೊಟ್ಟು ತಮ್ಮ ಪಂಜರವನ್ನು ತರಿಸಿದೆ. ಸುದ್ದಿ ಕೇಳಿ ಅತ್ತೆಯವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಹಳೇ ಮನೆ ಸೋರ್ತಿತ್ತಾ?”

ಮಾನ್ಯರೇ, ತಮ್ಮ ಪಂಜರವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ, ಆದರೂ ಆರು ಪತ್ರ ಬರೆದೆ. ಮೊದಲನೆಯದರಲ್ಲಿ ಸರಳುಗಳ ಸಂದು ಹನ್ನೊಂದು ಮಿಲಿಮೀಟರ್ ಇರಬೇಕಾದ ಕಡೆ, ಹಿಂಬದಿಯ ಎಡಮೂಲೆಯಲ್ಲಿ ಹನ್ನೊಂದೂವರೆ ಇರುವುದನ್ನು ನನ್ನ ಯಜಮಾನರ ಅಳತೆಯ ಉಪಕರಣದಿಂದ ಪತ್ತೆಹಚ್ಚಿ ತಿಳಿಸಿದ್ದೆ. ಎರಡನೆಯದರಲ್ಲಿ ಸತುವಿನ ವಿಷಯವಾಗಿ ವಿವರಿಸಿ, ಇಡೀ ಪಂಜರವನ್ನು ವಿನೆಗರಿನಲ್ಲಿ ಮೂರು ಸಲ ಉಜ್ಜಿದ್ದಾಗಿಯೂ ಆ ವಾಸನೆಗೆ ನನ್ನ ಮಗಳೂ ಮೇಷ್ಟ್ರೂ ಏಕಕಾಲದಲ್ಲಿ ಸೀನಿದ್ದಾಗಿಯೂ ಬರೆದಿದ್ದೆ. ಮೂರನೆಯದು ದಾರದ ಉಯ್ಯಾಲೆಯ ಬಗ್ಗೆ: ಅದರ ಎಳೆ ಬಿಚ್ಚಿಕೊಂಡು ಹಕ್ಕಿಯ ಬೆರಳಿಗೆ ಸುತ್ತಿಕೊಂಡರೆ ರಕ್ತ ನಿಂತು ಬೆರಳೇ ಉದುರಿಹೋಗಬಹುದು, ಇಷ್ಟು ಸಾಮಾನ್ಯಜ್ಞಾನ ತಮ್ಮ ವಿಭಾಗಕ್ಕೆ ಇಲ್ಲವೇ ಎಂದು ಸ್ವಲ್ಪ ಬಿರುಸಾಗಿಯೇ ಕೇಳಿದ್ದೆ, ಆ ಪತ್ರದ ಪ್ರತಿ ತಮ್ಮಲ್ಲಿದ್ದರೆ ದಯವಿಟ್ಟು ಹರಿದುಹಾಕಿ. ನಾಲ್ಕರಲ್ಲಿ ಗಂಟೆಯ ನಾಲಗೆ, ಐದರಲ್ಲಿ ಕನ್ನಡಿ, ಆರರಲ್ಲಿ ತಮ್ಮ ಕೈಪಿಡಿಯ ಹದಿಮೂರು ಎಚ್ಚರಿಕೆಗಳನ್ನು ಹಕ್ಕಿಗೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುವುದು. ಉಯ್ಯಾಲೆ, ಗಂಟೆ, ಕನ್ನಡಿ ಎಲ್ಲವನ್ನೂ ನಾನೇ ಕಿತ್ತೆಸೆದೆ. ಅಡುಗೆಮನೆಯ ನಾನ್‌ಸ್ಟಿಕ್ ಬಾಣಲೆಯ ಹೊಗೆ ಹಕ್ಕಿಗೆ ಆಗದೆಂದು ಬಾಣಲೆಯನ್ನೂ ಮನೆಯಿಂದ ಹೊರಹಾಕಿದೆ. ಕೊನೆಗೆ ಪಂಜರದಲ್ಲಿ ಉಳಿದದ್ದು ಒಂದು ಅಡ್ಡಕೋಲು, ಎರಡು ಬಟ್ಟಲು, ಮತ್ತು ಮಾಡಲು ಏನೂ ಕೆಲಸವಿಲ್ಲದ ಮೇಷ್ಟ್ರು.

ನನ್ನ ಯಜಮಾನರು ಲಿಫ್ಟ್ ರಿಪೇರಿ ಮಾಡುವವರು, ಈ ತಿಂಗಳು ರಾತ್ರಿ ಪಾಳಿ. ಐದನೇ ಪತ್ರ ಬರೆಯುತ್ತಿದ್ದಾಗ ನನ್ನ ಹೆಗಲ ಮೇಲಿಂದ ಬಗ್ಗಿ ಓದಿ ಅವರೆಂದರು: “ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರಿಗೆ ನಾವು ಮೊದ್ಲು ಹೇಳೋದು ಏನು ಗೊತ್ತಾ? ಗುಂಡಿ ಒತ್ತೋದು ನಿಲ್ಸಿ. ಆಮೇಲೆ ಬಾಗಿಲು ತೆಗೀತೀವಿ.” ಇದು ಪಂಜರಕ್ಕೆ ಹೇಗೆ ಅನ್ವಯಿಸುತ್ತದೆಂದು ನಾನು ಕೇಳಿದ್ದಕ್ಕೆ ಅವರು ಊಟದ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೊರಟುಹೋದರು.

ತಾವು ದೊಡ್ಡ ಮನಸ್ಸು ಮಾಡಿ, ನನ್ನ ನಾಲ್ಕನೇ ಪತ್ರದ ನಂತರ ತಪಾಸಣೆಗೆಂದು ಒಬ್ಬ ಹಿರಿಯರನ್ನು ಮನೆಗೆ ಕಳಿಸಿಕೊಟ್ಟಿರಿ. ಅವರ ಬಗ್ಗೆಯೂ ದೂರು ಕೊಡುವುದು ನನ್ನ ಕರ್ತವ್ಯ. ಅವರು ಕನ್ನಡಕ ಏರಿಸಿ ಹಿಂಬದಿಯ ಎಡಮೂಲೆಯನ್ನು ಅಳೆದರು, ಬಾಗಿಲನ್ನು ಇಪ್ಪತ್ತು ಸಲ ತೆರೆದು ಮುಚ್ಚಿದರು, ಮೇಷ್ಟ್ರಿಗೆ ಸೀಟಿ ಹೊಡೆದು ಮಾತಾಡಿಸಿದರು. ನಾನು ಅಷ್ಟು ಹೊತ್ತೂ ಮಗಳನ್ನು ಒಂದು ಕಂಕುಳಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಟಾರ್ಚು ಹಿಡಿದು, ಪಂಜರದೊಳಗೆ ಅವರಿಗಿಂತ ಹೆಚ್ಚು ಬಗ್ಗಿ, ಅವರು ಗಮನಿಸದಿದ್ದ ಅಪಾಯಗಳನ್ನು ತೋರಿಸುತ್ತಿದ್ದೆ. ಕೊನೆಗೆ ಅವರು ಚೀಲಕ್ಕೆ ಅಳತೆಗೋಲು ತುಂಬುತ್ತ, “ಪಂಜರ ಚೆನ್ನಾಗಿದೆ ತಾಯಿ. ಹಕ್ಕಿನೂ ಚೆನ್ನಾಗಿದೆ. ನೀವು ಮಲಗಿ ಎಷ್ಟು ದಿನ ಆಯ್ತು?” ಎಂದರು. ಪಂಜರ ತಪಾಸಣೆಗೆ ಬಂದವರು ಗ್ರಾಹಕರನ್ನು ತಪಾಸಣೆ ಮಾಡುವುದು ತಮ್ಮ ಸಂಸ್ಥೆಯ ನಿಯಮದಲ್ಲಿ ಇದೆಯೇ? ಅವರು ಬಾಗಿಲು ದಾಟಿದ ಮೇಲೆ ನಾನು ಅತ್ತುಬಿಟ್ಟೆ. ಅದು ತಮ್ಮ ವರದಿಯಲ್ಲಿ ಬಂದಿರಲಾರದು.

ಇನ್ನು ವೀಕ್ಷಣೆ. ಇಂದು ರಾತ್ರಿ ಸದ್ದು ಕೇಳಿ ನಾನು ಟಾರ್ಚು ಹಿಡಿದು ಓಡಿಹೋಗಿ ಹೊದಿಕೆ ಸರಿಸಿದಾಗ ಮೇಷ್ಟ್ರು ಅಡ್ಡಕೋಲಿಗೆ ಒಂದೇ ಕಾಲಿನಲ್ಲಿ ಜೋತುಬಿದ್ದು ತಲೆಕೆಳಗಾಗಿದ್ದರು. ಮೊದಲು ನನ್ನ ಬಾಯಿಂದ ಬಂದ ಮಾತು “ನಾನು ಹೇಳಿರಲಿಲ್ವಾ” ಎಂಬುದು. ಹಕ್ಕಿ ಸಾಯುತ್ತಿದೆ, ನನಗೆ ಆ ಕ್ಷಣಕ್ಕೆ ಆದದ್ದು ಏಳನೇ ಪತ್ರಕ್ಕೆ ವಸ್ತು ಸಿಕ್ಕಿದ ಸಮಾಧಾನ. ಇದನ್ನು ಮುಚ್ಚಿಟ್ಟರೆ ಪತ್ರ ಪ್ರಾಮಾಣಿಕವಾಗದು. ಆಮೇಲೆ ಕೈ ಒಳಗೆ ಹಾಕಿ ಅವರನ್ನು ಹಿಡಿದೆತ್ತಿದೆ. ಬೆರಳಿನ ಬುಡಕ್ಕೆ ಏನೋ ಬಿಗಿದು ಕೋಲಿಗೆ ಸುತ್ತಿಕೊಂಡಿತ್ತು. ದಾರವಲ್ಲ, ದಾರವನ್ನು ನಾನು ಎರಡು ವಾರದ ಹಿಂದೆಯೇ ಗಡೀಪಾರು ಮಾಡಿದ್ದೆ. ತಂತಿಯಲ್ಲ. ಮಗಳ ಉಗುರು ಕತ್ತರಿಸುವ ಪುಟ್ಟ ಕತ್ತರಿಯಿಂದ ಅದನ್ನು ಮೆಲ್ಲಗೆ ಎತ್ತಿ ಕತ್ತರಿಸಿ, ಬೆಳಕಿಗೆ ಹಿಡಿದು ನೋಡಿದರೆ ಮೊಳದುದ್ದದ ಕಪ್ಪು ಕೂದಲು.

ನಮ್ಮ ಮನೆಯಲ್ಲಿ ಅಷ್ಟುದ್ದದ ಕಪ್ಪು ಕೂದಲು ಇರುವುದು ಒಬ್ಬಳಿಗೆ. ಹೆರಿಗೆಯಾಗಿ ನಾಲ್ಕನೇ ತಿಂಗಳಿಂದ ಅದು ಹಿಡಿಹಿಡಿಯಾಗಿ ಉದುರುತ್ತಿದೆ. ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ, ಯಜಮಾನರ ಊಟದ ಡಬ್ಬಿಯಲ್ಲಿಯೂ. ಮತ್ತು ಆ ಒಬ್ಬಳೇ, ತಮ್ಮ ಪಂಜರದ ಅಪಾಯಗಳನ್ನು ಪತ್ತೆಹಚ್ಚಲು ದಿನಕ್ಕೆ ಹದಿನೈದು ಸಲ ಆ ದೊಡ್ಡ ಬಾಗಿಲಿನಿಂದ ತಲೆಯನ್ನು ಒಳಗೆ ತೂರಿಸುತ್ತಿದ್ದವಳು. ಅಡ್ಡಕೋಲಿನ ತುದಿಯಲ್ಲಿ ಇನ್ನೂ ಏಳು ಕೂದಲು ಸಿಕ್ಕವು. ನಿರ್ಣಯ: ಬೇಲಿಯೇ ಎದ್ದು ಹೊಲ ಮೇಯ್ದಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಅತ್ತೆಯವರಿಗೆ ಆರು ವರ್ಷ, ನನಗೆ ಮೂರು ವಾರ ಹಿಡಿಯಿತು, ಅಷ್ಟರಮಟ್ಟಿಗೆ ದೊಣ್ಣೆಗಿಂತ ನಾನು ನಿಧಾನ.

ಪಶು ಆಸ್ಪತ್ರೆಯ ರಾತ್ರಿಯ ನಂಬರಿಗೆ ಫೋನು ಮಾಡಿದೆ. ಎತ್ತಿದ ಹೆಂಗಸು ಆಕಳಿಸುತ್ತ, “ಬಿಚ್ಚಿದೀರಲ್ಲ? ರಕ್ತ ಓಡಾಡಿದ್ರೆ ಬಣ್ಣ ತಿರುಗತ್ತೆ. ತಿರುಗಿಲ್ಲ ಅಂದ್ರೆ ಬೆಳಿಗ್ಗೆ ಎಂಟಕ್ಕೆ ಡಾಕ್ಟರ್ ಬರ್ತಾರೆ, ಬೆರಳು ಹೋದ್ರೂ ಹಕ್ಕಿ ಉಳಿಯತ್ತೆ ಬಿಡಿ” ಎಂದರು. ಕೂದಲು ನನ್ನದೇ ಎಂದು ನಾನು ಒಪ್ಪಿಕೊಂಡ ಮೇಲೆ, “ಮನೇಲಿ ಸಣ್ಣ ಮಗು ಇದ್ಯಾ? ಇದ್ರೆ ಅದರ ಕಾಲ್ಬೆರಳೂ ಒಂದ್ಸಲ ನೋಡ್ಬಿಡಿ. ಕೂದಲು ಅದಕ್ಕೂ ಸುತ್ಕೊಳ್ಳತ್ತೆ” ಎಂದರು.

ಮಾನ್ಯರೇ, ಹಜಾರದಿಂದ ಮಲಗುವ ಕೋಣೆಗೆ ಹನ್ನೊಂದು ಹೆಜ್ಜೆ. ಹಕ್ಕಿಯನ್ನು ಎದೆಗೆ ಅವುಚಿಕೊಂಡೇ ಹೋಗಿ, ಮಗಳ ಕಾಲುಚೀಲಗಳನ್ನು ಹಲ್ಲಿನಿಂದ ಎಳೆದು ತೆಗೆದು, ಟಾರ್ಚನ್ನು ಹಾಸಿಗೆಯ ಮೇಲಿಟ್ಟು ಎಣಿಸಿದೆ. ಹತ್ತೂ ಕೆಂಪಗೆ, ಬೆಚ್ಚಗೆ ಇದ್ದವು. ಎರಡನೇ ಸಲ ಎಣಿಸಿದಾಗಲೂ ಹತ್ತು. ಬಲಗಾಲಿನ ಚೀಲದ ಒಳಗಡೆ ಒಂದು ಕೂದಲಿತ್ತು. ಸುತ್ತಿಕೊಂಡಿರಲಿಲ್ಲ, ಸುಮ್ಮನೆ ಇತ್ತು. ಅದನ್ನು ತೆಗೆದು ಕಿಟಕಿಯಿಂದ ಹೊರಗೆ ಹಾಕಿ, ಅಲ್ಲೇ ನೆಲದ ಮೇಲೆ ಕೂತೆ. ಈ ಪತ್ರವನ್ನು ಅಲ್ಲಿಂದಲೇ, ಒಂದು ಹೆಬ್ಬೆರಳಿನಲ್ಲಿ, ಬರೆಯುತ್ತಿದ್ದೇನೆ.

ಹೀಗಾಗಿ ನನ್ನ ಹಿಂದಿನ ಆರೂ ದೂರುಗಳನ್ನು ಈ ಮೂಲಕ ಬಹಿರಂಗವಾಗಿ ಹಿಂದೆಗೆದುಕೊಳ್ಳುತ್ತೇನೆ. ಹಿಂಬದಿಯ ಎಡಮೂಲೆಯ ಅರ್ಧ ಮಿಲಿಮೀಟರನ್ನು ಮಾತ್ರ ಬಿಟ್ಟುಕೊಡಲಾರೆ, ಅದು ನಿಜವಾಗಿಯೂ ಇದೆ. ಉಳಿದಂತೆ ತಮ್ಮ ಪಂಜರಕ್ಕಿರುವ ಏಕೈಕ ದೋಷವೆಂದರೆ ಅದರ ಬಾಗಿಲು ಗ್ರಾಹಕಿಯ ತಲೆ ಹಿಡಿಸುವಷ್ಟು ದೊಡ್ಡದಾಗಿರುವುದು. ಮುಂದಿನ ಮಾದರಿಯಲ್ಲಿ ಹಕ್ಕಿಯ ತಲೆಯ ಜೊತೆಗೆ ಮನೆಯೊಡತಿಯ ತಲೆಯ ಅಳತೆಯನ್ನೂ ಪರಿಗಣಿಸಬೇಕಾಗಿ ಕೋರುತ್ತೇನೆ. ಕೈಪಿಡಿಗೆ ಹದಿನಾಲ್ಕನೇ ಎಚ್ಚರಿಕೆಯೊಂದನ್ನು, ಸಾಧ್ಯವಾದರೆ ದಪ್ಪ ಅಕ್ಷರದಲ್ಲಿ, ಸೇರಿಸಬೇಕಾಗಿ ಪ್ರಾರ್ಥಿಸುತ್ತೇನೆ: ಓದಿಕೊಂಡ ತಾಯಂದಿರ ಕೈಗೆ ಪಂಜರ ಎಟುಕದಂತೆ ಇಡಿ. ಹಕ್ಕಿ ಆರಾಮವಾಗಿ ಹೊರಗಿದ್ದು, ಚಿಂತೆ ಮಾಡುವವರು ಒಳಗಿರುವಂಥ ದೊಡ್ಡ ಗಾತ್ರದ ಪಂಜರವೇನಾದರೂ ತಯಾರಿಕೆಯಲ್ಲಿದ್ದರೆ, ನಮ್ಮ ಹಜಾರದ ಅಳತೆಯನ್ನು ಕಳಿಸಿಕೊಡುತ್ತೇನೆ. ಕಾಳು ನೀರು ಹಾಕಿ ರಾತ್ರಿ ಒಂದು ಬಟ್ಟೆ ಹೊದಿಸಿದರೆ ನಾನೂ ತಕರಾರಿಲ್ಲದೆ ಇರುವೆನೆಂದು ನನ್ನ ನಂಬಿಕೆ.

ಈಗ ಪತ್ರದ ನಿಜವಾದ ಉದ್ದೇಶಕ್ಕೆ ಬರುತ್ತೇನೆ. ತಮ್ಮ ಪಂಜರಕ್ಕೆ ಮೂವತ್ತು ದಿನದ ಖಾತ್ರಿ ಇದೆ, ಇನ್ನೂ ಹನ್ನೆರಡು ದಿನ ಬಾಕಿ. ತಪ್ಪು ಪಂಜರದ್ದಾದರೆ ಪಂಜರವನ್ನು ಹಿಂದಿರುಗಿಸಿ ಬೇರೆ ತರಿಸಬಹುದು, ಮನೆಯಲ್ಲಿ ಯಾರೂ ಯಾರ ಮುಖವನ್ನೂ ಬೇರೆ ರೀತಿ ನೋಡುವುದಿಲ್ಲ. ತಪ್ಪು ನನ್ನದಾದರೆ ನನ್ನನ್ನು ಎಲ್ಲಿಗೆ ಹಿಂದಿರುಗಿಸುತ್ತಾರೆ? ನನ್ನ ಜೊತೆಗೆ ಖಾತ್ರಿಯ ಚೀಟಿಯೂ ಬಂದಿರಲಿಲ್ಲ. ಅತ್ತೆಯವರು ಬೈಯುವುದಿಲ್ಲ, ಅದೇ ತೊಂದರೆ. ಕಳೆದ ಐದು ತಿಂಗಳಲ್ಲಿ ಅವರು, “ಮಗೂನ ಒಂದ್ರಾತ್ರಿ ನನ್ನ ಪಕ್ಕ ಮಲಗ್ಸು, ನೀನು ಆ ರೂಮಲ್ಲಿ ಬಾಗಿಲು ಹಾಕ್ಕೊಂಡು ಬಿದ್ಕೋ” ಎಂದು ಎಷ್ಟೋ ಸಲ ಹೇಳಿದರು. ಅವರ ಕಣ್ಣು ಮಂಜಾಗಿದೆ, ಮಗುವಿಗೆ ಅಪಾಯ ಎಂದು ನಾನೇ ಒಪ್ಪಲಿಲ್ಲ. ಬಾಯಿಬಿಟ್ಟು ಹಾಗೆ ಹೇಳಲಿಲ್ಲ, ಆದರೆ ಒಂದು ದಿನ ಅವರಿಗೆ ತಿಳಿಯಿತು. ಮಾರನೆಯ ದಿನವೇ ನಾದಿನಿಗೆ ಫೋನು ಮಾಡಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಂಡರು. ಮೊಮ್ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವ ಆಸೆಗೆ ಕಣ್ಣು ಕೊಯ್ಯಿಸಿಕೊಂಡು ಬರುತ್ತಿರುವವರಿಗೆ, ಅಪಾಯ ಆ ಕಡೆ ಇರಲಿಲ್ಲ ಎಂದು ನಾನು ಬಾಗಿಲಲ್ಲೇ ನಿಂತು ಹೇಗೆ ಹೇಳಲಿ?

ಆದ್ದರಿಂದ ಮಾನ್ಯರೇ, ದಯವಿಟ್ಟು ತಾವೇ ಅತ್ತೆಯವರಿಗೆ ಫೋನು ಮಾಡಿ, “ನಮ್ಮ ಪಂಜರದಲ್ಲೇ ಏನೋ ಐಬಿತ್ತಮ್ಮ, ನಿಮ್ಮ ಸೊಸೆ ಪಾಪ ಮೊದಲಿಂದಲೂ ಹೇಳ್ತಾನೇ ಇದ್ದಳು” ಎಂದು ಒಂದೇ ಒಂದು ಮಾತು ಹೇಳಬೇಕು. ತಮ್ಮ ಸಂಸ್ಥೆ ದೊಡ್ಡದು, ಒಂದು ಬೆರಳಿನ ಅಪವಾದವನ್ನು ಅದು ತಾಳಿಕೊಳ್ಳುತ್ತದೆ. ಬಸ್ಸು ಐದೂವರೆಗೆ ಚಹಾಕ್ಕೆ ನಿಲ್ಲುತ್ತದೆ, ಆಗ ಅವರು ಎದ್ದಿರುತ್ತಾರೆ. ಅವರ ನಂಬರನ್ನು ಇದರ ಜೊತೆ ಬೇರೆಯಾಗಿ ಬರೆದಿದ್ದೇನೆ. ನನ್ನದನ್ನು ಬೇಕೆಂದೇ ಬರೆದಿಲ್ಲ, ಫೋನು ಬಡಿದುಕೊಂಡರೆ ಮಗು ಏಳುತ್ತದೆ.

ಈಗ ಐದು ಗಂಟೆ ಹದಿನೈದು ನಿಮಿಷ. ಮೇಷ್ಟ್ರು ಟವಲಿನಿಂದ ಎಡಗಾಲು ಹೊರಹಾಕಿ ನನ್ನ ಕಿರುಬೆರಳನ್ನು ಹಿಡಿದುಕೊಂಡಿದ್ದಾರೆ. ಮೂರು ಬೆರಳು ಬಿಗಿಯಾಗಿ ಹಿಡಿದಿವೆ. ನಾಲ್ಕನೆಯದರ ಬಣ್ಣ ಮೊದಲಿಗಿಂತ ತಿಳಿಯಾಗಿದೆಯೋ, ಕಿಟಕಿಯಲ್ಲಿ ಬೆಳಕಾಗುತ್ತಿರುವುದರಿಂದ ಹಾಗೆ ಕಾಣುತ್ತದೆಯೋ ಹೇಳಲಾರೆ. ಇಂಥ ವಿಷಯದಲ್ಲಿ ನನ್ನ ಕಣ್ಣನ್ನು ನಂಬಬಾರದೆಂದು ಈಚೆಗೆ ತಿಳಿದುಬಂದಿದೆ.

ತಮ್ಮ ಪಂಜರದ ಮೇಲೆ ತಡವಾಗಿ ನಂಬಿಕೆ ಬಂದ, ತನ್ನ ಮೇಲಿನದನ್ನು ಈಗಷ್ಟೇ ಹುಡುಕುತ್ತಿರುವ,

ತಮ್ಮ ವಿಶ್ವಾಸಿ,
ಮೇಷ್ಟ್ರ ತಾತ್ಕಾಲಿಕ ಪಾಲಕಿ

ಮರೆತ ಮಾತು: ಅತ್ತೆಯವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರು; ಆ ಕಡೆಯವರು ಸುಳ್ಳು ಹೇಳುತ್ತಿದ್ದರೆ “ಹಲೋ” ಎಂಬಲ್ಲೇ ಅವರಿಗೆ ಗೊತ್ತಾಗುತ್ತದೆ. ಆದ್ದರಿಂದ ತಮ್ಮಂಥ ಸಜ್ಜನರು ಮಾಡುವುದು ಬೇಡ. ತಮ್ಮ ಇಪ್ಪತ್ನಾಲ್ಕು ಗಂಟೆಯ ಸಹಾಯವಾಣಿಗೆ ನಾನು ಮೂರು ಗಂಟೆಗೆ ಕರೆ ಮಾಡಿದಾಗ, ಒಬ್ಬ ಧ್ವನಿಮುದ್ರಿತ ಹೆಂಗಸು ನನ್ನ ಕರೆ ತಮಗೆ ಬಹಳ ಅಮೂಲ್ಯವೆಂದು ಇಪ್ಪತ್ತೆರಡು ಸಲ, ಒಂದು ಸಲವೂ ದನಿ ನಡುಗದೆ ಹೇಳಿದರು. ಅವರಿಂದಲೇ ಮಾಡಿಸಿ. ಅವರು ಬಿಡುವಿಲ್ಲ ಎಂದರೆ ಯಾರಿಂದಲಾದರೂ ಮಾಡಿಸಿ. ಸುಳ್ಳು ಹೇಳಲು ಮನಸ್ಸಾಗದಿದ್ದರೆ ನಿಜವನ್ನೇ ಹೇಳಿಬಿಡಿ, ನನಗೆ ಬಾಗಿಲಲ್ಲಿ ಹೇಳುವ ಕೆಲಸವೊಂದು ತಪ್ಪಿದರೆ ಸಾಕು. ಆದರೆ ಏಳರೊಳಗೆ ಫೋನು ಮಾಡಿ. ದಮ್ಮಯ್ಯ, ಬೆಳಗಾಗುವುದರೊಳಗೆ ಮಾಡಿ.